ಏರಿಕೆಯ ಚಿಹ್ನೆ: ಒಂದು ವಿವೇಚನೆ

ಕೆನ್ ಥಾಂಪ್ಸನ್ನರು 'ಬಿ' ಭಾಷೆಯಲ್ಲಿ ತಂದ ++ ಎಂಬ ಏರಿಕೆಯ ಚಿಹ್ನೆಯು, ಡೆನ್ನಿಸ್ ರಿಚಿಯವರ 'ಸಿ' ಭಾಷೆಯ ಮೂಲಕ ಗಣಕಲೋಕದಲ್ಲೆಲ್ಲ ಹಬ್ಬಿತು. 'ಕ' ಎಂಬ ಚರದ ಬೆಲೆ 5 ಎಂದಿರಲಿ. ++ಕ ಎಂದರೆ ಮೊದಲು ಏರಿಕೆ, ದೊರೆಯುವ ಫಲ 6. ಕ++ ಎಂದರೆ ಚರವು 6 ಆದರೂ ದೊರೆಯುವ ಫಲ ಹಳೆಯ 5. ಇಷ್ಟರಲ್ಲಿ ತೊಡಕಿಲ್ಲ.

ತೊಡಕಿರುವುದು ಕ = ಕ++ ಎಂಬಲ್ಲಿ, ಅಂದರೆ ಬಲಗಡೆಯ ಫಲವನ್ನು ಪುನಃ ಅದೇ ಚರದಲ್ಲಿಡುವಾಗ. ಜಾವಾ ಭಾಷೆಯಲ್ಲಿ ಕ ಕೊನೆಗೆ 5 ಆಗಿಯೇ ಉಳಿಯುತ್ತದೆ; ಏರಿದ ಬೆಲೆಯನ್ನು ಎತ್ತಿಟ್ಟಿದ್ದ ಹಳೆಯ ಬೆಲೆಯು ಅಳಿಸಿಬಿಡುತ್ತದೆ. 'ಸಿ'ಯಲ್ಲಾದರೋ ಯಾವುದು ಮೊದಲೆಂಬ ನಿಯಮವೇ ಇಲ್ಲ. 1989ರ ಪ್ರಮಾಣವೇ ಇಂತಹ ವಾಕ್ಯಕ್ಕೆ ಅರ್ಥವನ್ನು ವಿಧಿಸಿಲ್ಲ. ಒಂದು ಕಂಪೈಲರು 5 ಎನ್ನಬಹುದು, ಇನ್ನೊಂದು 6. ಅಂತಹುದಕ್ಕೆ ಪ್ರಶ್ನೆಪತ್ರಿಕೆಯಲ್ಲಿ ಸರಿಯುತ್ತರ ಕೇಳಿ ಅಂಕ ಕಳೆಯುವುದು (ಇದೇನೂ ಅಪರೂಪವಲ್ಲ) ವಿದ್ಯಾರ್ಥಿಗೆ ಅನ್ಯಾಯ. ಕ++ ಎಂಬುದನ್ನು ಪ್ರತ್ಯೇಕ ಸಾಲಿನಲ್ಲಿಟ್ಟು ಕೇಳಿದರೆ ಎರಡು ಭಾಷೆಗಳಲ್ಲಿಯೂ ಉತ್ತರ 6.