ಖಾಡಿ ಎಣಿಸಿ ಹೊರಡಬೇಕು

ಬೊರಿವಲಿಯಲ್ಲಿ ಬೇರುಬಿಟ್ಟ ಕುಂದಾಪುರ, ಬೈಂದೂರು ಕಡೆಯ ಮನೆಗಳಲ್ಲಿ ರಜೆಯೆಂದರೆ ಊರು, ಅಷ್ಟೇ. ಮತ್ಸ್ಯಗಂಧದಲ್ಲಿ ವೇಟಿಂಗ್ ಎಷ್ಟಿದೆ, ರಾತ್ರಿ ಬಸ್ಸಿನ ಟಿಕೆಟ್ ಎಷ್ಟಕ್ಕೇರಿದೆ, ಇದರಾಚೆಗೆ ನಮ್ಮ ಪ್ರವಾಸದ ಮಾತು ಹೋಗುತ್ತಿರಲಿಲ್ಲ. ಅಂಥದ್ದರಲ್ಲಿ ಮಗಳು ನಾರ್ವೆ ಎಂದಳು. ನಮ್ಮ ಸೊಸೈಟಿಯ ಗುಜರಾತಿ ಕುಟುಂಬವೊಂದು ಅಲ್ಲಿ ಬಾಡಿಗೆ ಕಾರು ಹಿಡಿದು ಸುತ್ತಿ ಬಂದಿತ್ತು. ಅವರ ಫೋಟೋಗಳಲ್ಲಿ ಬೆಟ್ಟ, ಹಿಮ ಎಲ್ಲ ಇದ್ದರೂ ಅವಳ ಕಣ್ಣು ಬಿದ್ದದ್ದು ಒಂದರ ಮೇಲೆ: ಹಡಗಿನ ಹೊಟ್ಟೆಯಲ್ಲಿ ಸಾಲಾಗಿ ನಿಂತ ಕಾರುಗಳು.

ಬೇಡ ಎನ್ನುವ ಮೊದಲು ಲೆಕ್ಕವಾದರೂ ಹಾಕೋಣವೆಂದು ಕೂತೆ. ಅಲ್ಲಿ ಇ39 ಎಂಬ ಹೆದ್ದಾರಿ ಕ್ರಿಸ್ಟಿಯಾನ್ಸಾಂಡ್‌ನಿಂದ ಟ್ರಾಂಡ್‌ಹೈಮ್‌ವರೆಗೆ ಸುಮಾರು 1,100 ಕಿ.ಮೀ. ಓಡುತ್ತದೆ. ನಡುನಡುವೆ ಸಮುದ್ರ ಒಳನುಗ್ಗಿದ ಕಡೆ ರಸ್ತೆ ನೀರಿನಂಚಿಗೆ ಬಂದು ನಿಲ್ಲುತ್ತದೆ. ಫೆರಿ ಏರಿ ಆಚೆ ಇಳಿದರೆ ಮತ್ತದೇ ಇ39. ಷೆಂಗೆನ್ ವೀಸಾ, ಆರ್‌ಟಿಓದಿಂದ ಅಂತರರಾಷ್ಟ್ರೀಯ ಚಾಲನಾ ಪರವಾನಗಿ, ಕಾರಿನ ಬಾಡಿಗೆ, ನಾಲ್ಕು ಜನರ ವಿಮಾನ, ಅಲ್ಲಿನ ಊಟದ ದರ ಎಲ್ಲ ಕೂಡಿಸಿದ ಕಾಗದವನ್ನು ಮಡಿಚಿ ಡ್ರಾವರಿನೊಳಗೆ ಹಾಕಿದೆ. ಆದರೆ ಆ ನಕ್ಷೆ ನೋಡಿದ ಕಣ್ಣಿಗೆ ನಮ್ಮ ನಕ್ಷೆಯೂ ಬೇರೆಯಾಗಿ ಕಾಣತೊಡಗಿತು. ಮುಂಬೈಯ ದಕ್ಷಿಣಕ್ಕೆ ಕೊಂಕಣದ ಕರಾವಳಿಗುಂಟ ರೇವಸ್‌ನಿಂದ ರೆಡ್ಡಿವರೆಗೆ ಇಳಿಯುವ ರಾಜ್ಯ ಹೆದ್ದಾರಿಯೂ ಹೀಗೇ ಸಮುದ್ರ ಒಳನುಗ್ಗಿದ ಖಾಡಿಯಂಚಿಗೆ ಬಂದು ನಿಂತು, ಆಚೆ ದಡದಲ್ಲಿ ಮುಂದುವರಿಯುತ್ತದೆ. ಕಾರು ಹಡಗೇರುವ ದಾರಿ ನಮ್ಮ ಊರಿನ ದಿಕ್ಕಿನಲ್ಲೇ ಇತ್ತು. ಅವಸರದಲ್ಲಿ ರಾಷ್ಟ್ರೀಯ ಹೆದ್ದಾರಿ 66 ಹಿಡಿದು ಹೋಗುವ ನಾವು ಅತ್ತ ತಿರುಗಿರಲಿಲ್ಲ.

ಅಪ್ಪಯ್ಯನಿಗೆ ಇದು ಹಿಡಿಸಲಿಲ್ಲ. "ಸೇತುವೆ ಇಪ್ಪತ್ತಿಗೆ ಜಂಗಲ್ ಎಂತಕೆ ಮಾರಾಯಾ? ಅದ್ ಮುಗ್ದ್ ಹೋದ್ ಕಾಲ" ಎಂದರು. ಅವರ ಹುಡುಗಾಟಿಕೆಯ ಕಾಲದಲ್ಲಿ ನಮ್ಮ ಕರಾವಳಿಯ ಪ್ರಯಾಣವೆಂದರೆ ಹೊಳೆ ಎಣಿಸುವುದೇ. ಬಸ್ಸು ಕಡವಿನ ತನಕ. ಅಲ್ಲಿಂದ ದೋಣಿ, ಇಲ್ಲವೇ ಎರಡು ದೋಣಿಗಳನ್ನು ಜೋಡಿಸಿ ಹಲಗೆ ಹಾಸಿದ ಜಂಗಲ್. ಆಚೆ ದಡದಲ್ಲಿ ಇನ್ನೊಂದು ಬಸ್ಸು. ಶರಾವತಿ, ಅಘನಾಶಿನಿ, ಗಂಗಾವಳಿ, ಕಾಳಿ, ಒಂದೊಂದಕ್ಕೂ ಸೇತುವೆ ಬಂದಾಗ ಹಬ್ಬ ಮಾಡಿದ ಜನ ಅವರು. ಬಿಟ್ಟು ಬಂದ ಕಷ್ಟವನ್ನು ಮಗ ದುಡ್ಡು ಕೊಟ್ಟು ಹುಡುಕಿಕೊಂಡು ಹೋಗುತ್ತೇನೆಂದರೆ ಯಾರಿಗಾದರೂ ಸಿಟ್ಟು ಬರಬೇಕಾದದ್ದೇ.

ಕಿಲೋಮೀಟರಿನ ಲೆಕ್ಕ ಈ ದಾರಿಯಲ್ಲಿ ಕೆಲಸಕ್ಕೆ ಬರುವುದಿಲ್ಲ. ಮುಂಬೈಯ ಬಂದರು ದಾಟುವುದು ಒಂದು. ಆಮೇಲೆ ಅಗರ್‌ದಂಡಾ–ದಿಘಿ, ಬಾಗ್‌ಮಾಂಡ್ಲಾ–ವೇಶ್ವಿ, ದಾಭೋಳ್–ಧೋಪಾವೆ, ತವಸಾಳ್–ಜೈಗಡ್. ರತ್ನಾಗಿರಿ ಮುಟ್ಟುವುದರೊಳಗೆ ಇಷ್ಟು ಸಲ ನೀರು. ಮೊಬೈಲಿನ ನಕ್ಷೆ ದಾಟುವ ನಿಮಿಷಗಳನ್ನು ಹೇಳುತ್ತದೆ, ದಡದಲ್ಲಿ ಕಾಯುವ ಹೊತ್ತನ್ನು ಹೇಳುವುದಿಲ್ಲ. ಕೆಲವೊಮ್ಮೆ ಖಾಡಿಯನ್ನೇ ಕಾಣದಂತೆ ನಟಿಸಿ ಘಟ್ಟದ ಬುಡದವರೆಗೆ ಸುತ್ತಿಸಲು ನೋಡುತ್ತದೆ. ಆದ್ದರಿಂದ ಕಾಗದದ ಮೇಲೆ ಮೊದಲು ಬರೆಯಬೇಕಾದದ್ದು ಖಾಡಿಗಳ ಹೆಸರು, ಪ್ರತಿಯೊಂದರ ಎದುರು ಕೊನೆಯ ಫೆರಿಯ ಹೊತ್ತು. ರಾತ್ರಿ ಎಲ್ಲಿ ತಂಗುವುದೆಂಬುದು ಅದರಿಂದ ತಾನಾಗಿ ತೀರ್ಮಾನವಾಗುತ್ತದೆ. ದಾಭೋಳ್‌ನಲ್ಲಿ ಕೊನೆಯ ಫೆರಿ ತಪ್ಪಿದರೆ ಎದುರಿಗೇ ಕಾಣುವ ಧೋಪಾವೆಗೆ ಖೇಡ್, ಚಿಪಳೂಣ್ ಸುತ್ತಿ ಬರಬೇಕು, ನೂರು ಕಿ.ಮೀ. ಮೇಲಾಗುತ್ತದೆ, ಅದೂ ಕತ್ತಲಲ್ಲಿ, ತಿರುವಿನ ರಸ್ತೆಯಲ್ಲಿ.

ಹೊರಡುವ ಮೊದಲು ತಾಲೀಮು ಮಾಡಿಕೊಂಡದ್ದು ಬಹಳ ಉಪಯೋಗಕ್ಕೆ ಬಂತು. ಬೊರಿವಲಿಯವರಿಗೆ ಅದಕ್ಕೆ ದೂರ ಹೋಗಬೇಕಾಗಿಲ್ಲ. ಗೊರಾಯಿ ಖಾಡಿಯ ದೋಣಿಗೆ ಕಾರು ಏರುವುದಿಲ್ಲ, ನಿಜ. ಆದರೆ 2024ರ ಫೆಬ್ರುವರಿಯಿಂದ ಭಾಯಂದರ್–ವಸಾಯಿ ನಡುವೆ ಕಾರು ಸಾಗಿಸುವ ರೋ-ರೋ ಫೆರಿ ಓಡುತ್ತಿದೆ. ರಸ್ತೆಯಲ್ಲಾದರೆ ಸುಮಾರು 38 ಕಿ.ಮೀ. ಸುತ್ತು, ನೀರಿನ ಮೇಲೆ ಕಾಲು ಗಂಟೆ. ಒಂದು ಭಾನುವಾರ ವಸಾಯಿ ಕೋಟೆ ನೋಡುವ ನೆಪದಲ್ಲಿ ಹೋಗಿ ಬಂದೆವು. ಕಬ್ಬಿಣದ ಹಲಗೆಯ ಮೇಲೆ ಚಕ್ರ ಜಾರಿದಂತಾಗುವ ಮೊದಲ ಗಾಬರಿ, ಕೈಯಾಡಿಸುವ ಹುಡುಗನನ್ನು ನಂಬಿ ಹಿಮ್ಮುಖವಾಗಿ ಹತ್ತಿಸುವುದು, ಮುಂದಿನ ಗಾಡಿಗೆ ಗೇಣಂತರದಲ್ಲಿ ನಿಲ್ಲಿಸುವುದು, ಇವೆಲ್ಲ ಮನೆಯ ಹತ್ತಿರವೇ ರೂಢಿಯಾದವು.

ಅಲ್ಲೇ ಎದ್ದ ಪ್ರಶ್ನೆ ಉಬ್ಬರ ಇಳಿತದ್ದು. ನೀರು ತುಂಬಿದ್ದಾಗ ಫೆರಿ ಜೆಟ್ಟಿಗೆ ಸಮನಾಗಿ ನಿಲ್ಲುತ್ತದೆ, ಕಾರು ಅಂಗಳಕ್ಕೆ ಬಂದ ಹಾಗೆ ಬರುತ್ತದೆ. ಇಳಿತದಲ್ಲಿ ಅದೇ ಜೆಟ್ಟಿ ಪಾಚಿಗಟ್ಟಿದ ಇಳಿಜಾರು. ಇದರ ಸೂತ್ರ ಕೊಟ್ಟವಳು ಬೊರಿವಲಿ ಮಾರುಕಟ್ಟೆಯಲ್ಲಿ ನಮಗೆ ಬಂಗುಡೆ ಕೊಡುವ ಗೊರಾಯಿಯ ಕೋಲಿ ಸಮುದಾಯದ ಹೆಂಗಸು: ತಿಥಿಯ ಮುಕ್ಕಾಲು ಭಾಗ ಎಷ್ಟೋ, ಅಷ್ಟು ಗಂಟೆಗೆ ಭರತಿ, ಅಂದರೆ ಉಬ್ಬರ. ಅಪ್ಪಯ್ಯನ ಕಿವಿ ನೆಟ್ಟಗಾಯಿತು. ಹೊಟೇಲಿನ ಗಲ್ಲಾದ ಮೇಲೆ ಆಯುಷ್ಯ ಕಳೆದವರು, ಮುಕ್ಕಾಲರ ಮಗ್ಗಿ ಬಾಯಿಪಾಠ. ಅಡುಗೆಮನೆಯ ಕಾಲನಿರ್ಣಯ ಕ್ಯಾಲೆಂಡರನ್ನು ಗೋಡೆಯಿಂದ ಇಳಿಸಿದರು. ದ್ವಾದಶಿಯೆಂದರೆ ಹನ್ನೆರಡರ ಮುಕ್ಕಾಲು ಒಂಬತ್ತು. ಒಂಬತ್ತಕ್ಕೆ ಭರತಿ, ಆರು ತಾಸು ಕಳೆದು ಮೂರರ ಸುಮಾರಿಗೆ ಇಳಿತ. ಹುಣ್ಣಿಮೆ, ಅಮಾವಾಸ್ಯೆಗೆ ಹನ್ನೊಂದೂಕಾಲು. ಅಂದು ಏರುವುದೂ ಹೆಚ್ಚು, ಇಳಿಯುವುದೂ ಹೆಚ್ಚು. ಅಷ್ಟಮಿಗೆ ಆರು ಗಂಟೆ, ಏರಿಳಿತವೂ ಮಿತ. ನಿಮಿಷದ ಕರಾರುವಾಕ್ಕು ಬೇಕಿದ್ದರೆ ಬಂದರಿನ ಕೋಷ್ಟಕ ನೋಡಬೇಕು. ಕಾರು ಹತ್ತಿಸುವವರಿಗೆ ಮುಕ್ಕಾಲರ ಮಗ್ಗಿ ಸಾಕು. ಜಂಗಲ್ ಬೇಡವೆಂದವರೇ ಆ ಹೊತ್ತಿನಿಂದ ನಮ್ಮ ವೇಳಾಪಟ್ಟಿಯ ಯಜಮಾನರಾದರು. ಹೊರಡುವ ದಿನವನ್ನೂ ಅವರೇ ಗೊತ್ತುಮಾಡಿದರು: ದೀಪಾವಳಿ ಕಳೆದು ಮಳೆಯ ಕೆಸರು ಆರಿದ ಮೇಲೆ, ಕ್ರಿಸ್‌ಮಸ್ ಜಾತ್ರೆಗೆ ಮೊದಲು, ವಾರದ ನಡುವೆ.

ಮುಂಬೈಯ ಭಾವುಚಾ ಧಕ್ಕಾದಿಂದ ಬಂದರಿನಾಚೆಯ ಮಾಂಡ್ವಾಕ್ಕೆ ಹೋಗುವ ರೋ-ರೋ ಶುರುವಾದದ್ದು 2020ರ ಮಾರ್ಚ್‌ನಲ್ಲಿ, ಲಾಕ್‌ಡೌನಿನ ಹೊಸ್ತಿಲಲ್ಲಿ. 'ಪ್ರೋಟೋಪೋರೋಸ್' ಎಂಬ ಆ ಹಡಗು ಕಟ್ಟಿದ್ದು ಗ್ರೀಸ್‌ನಲ್ಲಿ. ಯುರೋಪಿನ ಹಡಗೇ ಬೇಕಿತ್ತಲ್ಲ, ಹತ್ತು ಎಂದೆ ಮಗಳಿಗೆ. ಪನ್ವೇಲ್, ಪೇಣ್ ಸುತ್ತಿ ನೂರು ಕಿ.ಮೀ. ಮೀರುವ ದಾರಿ ಇಲ್ಲಿ ಒಂದು ತಾಸಿನಲ್ಲಿ ಮುಗಿಯುತ್ತದೆ. ಕಾರಿಗೆ ಮುಂಗಡ ಕಾಯ್ದಿರಿಸದೆ ಹೋಗಬಾರದು, ಶನಿವಾರ ಭಾನುವಾರವಂತೂ ಬೇಡವೇ ಬೇಡ. ಬೊರಿವಲಿಯಿಂದ ಧಕ್ಕಾ ಮುಟ್ಟುವುದೇ ಆ ದಿನದ ದೊಡ್ಡ ಪ್ರಯಾಣವಾಗದಿರಲು ಬೆಳಕು ಹರಿಯುವ ಮುನ್ನ ದಹಿಸರ್–ಬಾಂದ್ರಾ ಹೆದ್ದಾರಿಗೆ ಬಿದ್ದಿರಬೇಕು. ಇದೇ ಧಕ್ಕಾದಿಂದ 1947ರ ಜುಲೈ 17ರಂದು ರೇವಸ್‌ಗೆ ಹೊರಟ 'ರಾಮದಾಸ್' ಹಡಗು ಮಳೆಗಾಲದ ಅಲೆಗೆ ಮಗುಚಿ ಆರು ನೂರಕ್ಕೂ ಹೆಚ್ಚು ಜನ ಮುಳುಗಿದರು. ಡೆಕ್ಕಿನ ಮೇಲೆ ಅಪ್ಪಯ್ಯ ಅದನ್ನು ಹೇಳಿದ ಮೇಲೆ ಮಗಳು ಲೈಫ್ ಜಾಕೆಟ್ ಎಲ್ಲಿದೆ ಎಂದು ನೋಡಿಕೊಂಡು ಬಂದಳು. ಕಾರಿನಿಂದಿಳಿದು ಮೊದಲು ಮಾಡಬೇಕಾದ ಕೆಲಸವೂ ಅದೇ.

ಅಲಿಬಾಗ್ ದಾಟಿ ರೇವ್‌ದಂಡಾಕ್ಕೆ ಬಂದರೆ ಕುಂಡಲಿಕಾ ನದಿಗೆ ಸೇತುವೆ ಇದೆ. ನದಿ ದಾಟುವ ಮೊದಲು ಇಲ್ಲಿ ತುಸು ನಿಲ್ಲುವಂಥದ್ದಿದೆ. ಪಕ್ಕದ ಚೌಲ್ ಬಂದರಿನಲ್ಲಿ ಹದಿನೈದನೇ ಶತಮಾನದಲ್ಲಿ ಅಫನಾಸಿ ನಿಕಿತಿನ್ ಎಂಬ ರಷ್ಯನ್ ವ್ಯಾಪಾರಿ ಬಂದಿಳಿದ. ಅವನ ನೆನಪಿನ ಸ್ಮಾರಕ ರೇವ್‌ದಂಡಾದಲ್ಲಿದೆ. ಇಲ್ಲಿಂದ ಘಟ್ಟ ಹತ್ತಿ ಅವನು ಹೋದದ್ದು ನಮ್ಮ ಬೀದರಿಗೆ, ಬಹಮನಿ ಸುಲ್ತಾನರ ರಾಜಧಾನಿಗೆ. ವಾಪಸು ಹಡಗು ಹತ್ತಿದ್ದು ದಾಭೋಳ್‌ನಿಂದ. ನಾವು ಯುರೋಪಿಗೆ ಹೋಗಿ ಫೆರಿ ಹುಡುಕುತ್ತಿದ್ದರೆ, ಯುರೋಪಿನವನೊಬ್ಬ ಐನೂರು ವರ್ಷಕ್ಕೂ ಹಿಂದೆ ಕುದುರೆಯೊಂದನ್ನು ಕಟ್ಟಿಕೊಂಡು ಇದೇ ತೀರಕ್ಕೆ ಬಂದಿದ್ದ. ಆ ದಾಭೋಳ್ ಆಮೇಲೆ ವಿಜಯಪುರದ ಆದಿಲ್‌ಶಾಹಿಗಳ ಮುಖ್ಯ ಬಂದರಾಯಿತು. ಹದಿನೇಳನೇ ಶತಮಾನದ ಮಸೀದಿಯೊಂದು ಜೆಟ್ಟಿಯ ಹತ್ತಿರವೇ ನಿಂತಿದೆ; ಗುಮ್ಮಟ ನೋಡಿದರೆ ವಿಜಯಪುರ ನೆನಪಾಗದೆ ಇರದು. ಫೆರಿಗೆ ಕಾಯುವ ಹೊತ್ತನ್ನು ಸರದಿಯಲ್ಲಿ ಕೂತು ಹಾರ್ನ್ ಒತ್ತುತ್ತಾ ಕಳೆಯಬೇಕಿಲ್ಲ ಎಂಬುದಕ್ಕೆ ಇದನ್ನು ಹೇಳಿದೆ. ಒಬ್ಬರು ಕಾರಿನಲ್ಲಿದ್ದು ಉಳಿದವರು ಹೋಗಿ ನೋಡಿ ಬರಬಹುದು. ತೊಂಬತ್ತರ ದಶಕದಲ್ಲಿ ಎನ್ರಾನ್ ಕಂಪನಿಯ ವಿದ್ಯುತ್ ಸ್ಥಾವರದ ಹೆಸರಿನೊಂದಿಗೆ ಪತ್ರಿಕೆಗಳ ತುಂಬ ಇದ್ದ ದಾಭೋಳ್ ಇದೇ. ಆದರೆ ಆ ವಿದ್ಯುತ್ ಸ್ಥಾವರ ಇರುವುದು ಖಾಡಿಯ ಆಚೆ, ಗುಹಾಗರ್ ಕಡೆಯ ದಡದಲ್ಲಿ.

ಅಗರ್‌ದಂಡಾಕ್ಕೆ ನಾವು ಮುಟ್ಟಿದ್ದು ದ್ವಾದಶಿಯ ಇಳಿತದ ಹೊತ್ತಿಗೆ. ಲೆಕ್ಕ ಮೊದಲೇ ಗೊತ್ತಿದ್ದುದರಿಂದ ಗಾಬರಿಯಿರಲಿಲ್ಲ. ಎಲ್ಲರನ್ನೂ ಇಳಿಸಿ, ಡಿಕ್ಕಿಯ ಭಾರದ ಚೀಲಗಳನ್ನು ಹಿಂದಿನ ಸೀಟಿಗೆ ತಂದು, ಮೊದಲ ಗೇರಿನಲ್ಲಿ ಇಳಿಜಾರಿಗೆ ಬಿಟ್ಟೆ. ಲುಂಗಿ ಮೇಲಕ್ಕೆ ಕಟ್ಟಿದ ಹುಡುಗನೊಬ್ಬ ಫೆರಿಯ ಹಲಗೆಯ ತುದಿಯಲ್ಲಿ ಮೊಣಕಾಲೂರಿ ಕೂತು ಕಾರಿನ ಹೊಟ್ಟೆಯಡಿಗೇ ಕಣ್ಣಿಟ್ಟಿದ್ದ. "ಯೇಊ ದ್ಯಾ, ಯೇಊ ದ್ಯಾ... ಬಸ್!" ಹಲಗೆಯ ಒಡಕಿಗೆ ಒಂದು ಮರದ ತುಂಡು ತುರುಕಿ ಮತ್ತೆ ಕೈಯಾಡಿಸಿದ. ನನ್ನ ಮುಂದಿನ ತಗ್ಗು ಹೊಟ್ಟೆಯ ಕಾರು ಇದೇ ಜಾಗದಲ್ಲಿ ಕರ್ರೆಂದು ಉಜ್ಜಿತ್ತು. ಅದರಲ್ಲಿ ಐದು ಜನ ಕೂತಲ್ಲೇ ಕೂತಿದ್ದರು. ಆ ಫೆರಿಯಲ್ಲಿ ನಮ್ಮ ಎಂಎಚ್ 47ರ ಪಕ್ಕ ರಾಯಗಡದ ಎಂಎಚ್ 06, ಮಂಜುಗಡ್ಡೆಯಲ್ಲಿ ಮೀನು ತುಂಬಿದ ಟೆಂಪೊ, ಮದುವೆಯ ಮಂದಿಯ ಜೀಪು, ಎರಡು ಆಡು. ಎಡಗಡೆ ಖಾಡಿ, ಬಲಗಡೆ ದೂರದಲ್ಲಿ ನೀರಿನ ನಡುವೆ ಜಂಜಿರಾ ಕೋಟೆ. ಪ್ರವಾಸಿಗಳು ಅಂತ ಇದ್ದವರು ನಾವು ಮತ್ತು ಆ ಉಜ್ಜಿದ ಕಾರಿನವರು ಮಾತ್ರ.

ಉಳಿದದ್ದು ಸಣ್ಣಪುಟ್ಟದ್ದು. ಪೆಟ್ರೋಲನ್ನು ಶ್ರೀವರ್ಧನ್, ದಾಪೋಲಿ, ಗುಹಾಗರ್‌ಗಳಂಥ ಪೇಟೆಗಳಲ್ಲೇ ತುಂಬಿಸಿಕೊಳ್ಳಬೇಕು. ನೆಟ್‌ವರ್ಕ್ ಕೈಕೊಡುವ ಕಡೆ ಫೋನಿನಲ್ಲಿ ಹಣ ಹೋಗುವುದಿಲ್ಲ, ನೂರರ ನೋಟುಗಳಿರಲಿ. ಮನೆಯೂಟದ ಘರಗುತಿ ಖಾನಾವಳಿಗಳಲ್ಲಿ ಊಟಕ್ಕೆ ಮೊದಲೇ ಫೋನ್ ಮಾಡಿ ಹೇಳಬೇಕು. ಎಷ್ಟು ಜನವೋ ಅಷ್ಟಕ್ಕೇ ಅಕ್ಕಿ ಹಾಕುತ್ತಾರೆ. ಹೇಳಿ ಹೋದರೆ ಸುರ್ಮಯಿ, ಸೋಲ್‌ಕಢಿ, ಬಿಸಿ ಭಾಕರಿ. ಹೇಳದೆ ಮೂರು ಗಂಟೆಗೆ ಹೋದರೆ ಬಾಗಿಲು ಹಾಕಿರುತ್ತದೆ. ನಮ್ಮ ಉಡುಪಿ ಹೊಟೇಲಿನ ಅಭ್ಯಾಸ ಅಲ್ಲಿ ನಡೆಯದು.

ಬಾಗ್‌ಮಾಂಡ್ಲಾದಲ್ಲಿ ದಾಟುವುದು ಸಾವಿತ್ರಿ ನದಿಯ ಮುಖ. 2016ರ ಆಗಸ್ಟ್ 2ರ ರಾತ್ರಿ ಮಹಾಡ್ ಹತ್ತಿರ ಬ್ರಿಟಿಷರ ಕಾಲದ ಸೇತುವೆಯನ್ನು ಎರಡು ಎಸ್‌ಟಿ ಬಸ್ಸುಗಳ ಸಮೇತ ಕೊಚ್ಚಿಕೊಂಡು ಹೋದ ನದಿ ಇದೇ. ಮಳೆಗಾಲದಲ್ಲಿ ಈ ದಾರಿಯಾಗಲಿ ಹೆದ್ದಾರಿಯಾಗಲಿ ಕೂಡದು ಎಂದು ನಾನು ಹೇಳುವುದು ಬರೀ ಇಲ್ಲಿನ ಮಾತಿಗಲ್ಲ. 2024ರ ಜುಲೈ 16ರಂದು ಅಂಕೋಲೆಯ ಶಿರೂರಿನಲ್ಲಿ ಗುಡ್ಡ ಹೆದ್ದಾರಿಯ ಮೇಲೆ ಬಿತ್ತು. ನಮಗೆ ಶಿರೂರೆಂದರೆ ಬೈಂದೂರಿನ ಮಗ್ಗುಲಿನದು. ಅಂದು ಬೊರಿವಲಿಯಿಂದ ಊರಿಗೆ ಹೋದ ಫೋನುಗಳಿಗೆ ಲೆಕ್ಕವಿಲ್ಲ. ಮೂರು ವಾರ ಕಳೆದು ಆಗಸ್ಟ್ 7ರ ನಡುರಾತ್ರಿ ಕಾರವಾರದಲ್ಲಿ ಕಾಳಿಯ ಹಳೆಯ ಸೇತುವೆ ಕುಸಿದು ಲಾರಿಯೊಂದು ಹೊಳೆಗೆ ಬಿತ್ತು, ಚಾಲಕ ಬದುಕಿದ. ಮಳೆಯಲ್ಲಿ ಹೋಗಲೇಬೇಕಾದರೆ ರೈಲು, ಇಲ್ಲವೇ ಪುಣೆ, ಕೊಲ್ಹಾಪುರ, ಬೆಳಗಾವಿ ಮೇಲಿಂದ ಹುಬ್ಬಳ್ಳಿಗೆ ಬಂದು, ಯಾವ ಘಟ್ಟ ತೆರೆದಿದೆ ಎಂದು ಕೇಳಿಕೊಂಡು ಇಳಿಯುವುದು. ಕಾರನ್ನೇ ರೈಲಿಗೇರಿಸುವುದೂ ಇದೆ. 1999ರಿಂದ ಕೊಲಾಡ್‌ನಲ್ಲಿ ಲಾರಿಗಳನ್ನು ವ್ಯಾಗನ್ನಿಗೇರಿಸಿ ದಕ್ಷಿಣಕ್ಕೆ ಒಯ್ಯುತ್ತಿದ್ದ ಕೊಂಕಣ ರೈಲ್ವೆ 2025ರ ಗಣೇಶ ಚೌತಿಗೆ ಕಾರುಗಳಿಗೂ ಗೋವಾದ ವೆರ್ಣಾವರೆಗೆ ಆ ವ್ಯವಸ್ಥೆ ಮಾಡಿತು. ಕಾರು ಮೇಲೆ, ಜನ ಅದೇ ರೈಲಿನ ಬೋಗಿಯಲ್ಲಿ.

ರತ್ನಾಗಿರಿಯಿಂದ ಆಚೆ ಹೆಚ್ಚು ಹೇಳಬೇಕಾದದ್ದಿಲ್ಲ. ಖಾಡಿಗಳಿಗೆ ಸೇತುವೆಗಳಿವೆ, ಹಾತಖಂಬಾದಲ್ಲಿ 66ಕ್ಕೆ ಸೇರಿದರೆ ಗೋವಾ, ಕಾರವಾರ ಸರಸರನೆ ಬರುತ್ತವೆ. ಮರವಂತೆಯಲ್ಲಿ ಒಂದು ಬದಿಗೆ ಕಡಲು, ಇನ್ನೊಂದು ಬದಿಗೆ ಸೌಪರ್ಣಿಕಾ. ಕಾರು ನಿಲ್ಲಿಸು ಎಂದಳು ಮಗಳು. ಅವಳು ಹುಟ್ಟಿದಾಗಿನಿಂದ ಕಿಟಕಿಯಲ್ಲಿ ನಿದ್ದೆ ಮಾಡುತ್ತಾ ದಾಟಿದ ಜಾಗ ಅದು.

ಹೋಗುವ ಮನಸ್ಸಿದ್ದವರು ಬಹಳ ಮುಂದೂಡಬೇಡಿ. ರೇವಸ್–ರೆಡ್ಡಿ ಸಾಗರಿ ಮಹಾಮಾರ್ಗಕ್ಕಾಗಿ ಈ ಖಾಡಿಗಳಿಗೆಲ್ಲ ಸೇತುವೆ ಕಟ್ಟುವ ಯೋಜನೆ ಕೈಗೆತ್ತಿಕೊಂಡಾಗಿದೆ. ನಾರ್ವೆಯಲ್ಲೂ ಇದೇ ಕತೆ: ಇ39ರಿಂದ ಫೆರಿಗಳನ್ನು ತೆಗೆದುಹಾಕಲು ಸಮುದ್ರದಡಿ ಸುಮಾರು 27 ಕಿ.ಮೀ. ಉದ್ದದ ರೋಗ್‌ಫಾಸ್ಟ್ ಸುರಂಗ ಕೊರೆಯುತ್ತಿದ್ದಾರೆ. ಆಚೆ ದಡದಲ್ಲಿ ಆಸ್ಪತ್ರೆ ಇರುವ ಹಳ್ಳಿಯವರ ಪಾಲಿಗೆ ಸೇತುವೆ ನಾಳೆಯೇ ಬರಲಿ. ಈ ವಿಷಯದಲ್ಲಿ ನನ್ನ ಮತ ಅಪ್ಪಯ್ಯನದೇ.

ಫೆರಿಯ ದಾರಿ ಹೋಗುವಾಗ ಮಾತ್ರ ಇಟ್ಟುಕೊಳ್ಳಬೇಕು. ಬರುವಾಗ ಕಾರಿನಲ್ಲಿ ಹೊಸ ಕುಚ್ಚಲಕ್ಕಿಯ ಮೂಟೆ, ತೆಂಗಿನಕಾಯಿ, ಎಣ್ಣೆಯ ಡಬ್ಬ ತುಂಬಿ ಹಿಂಭಾಗ ನೆಲ ಮುಟ್ಟುತ್ತಿರುತ್ತದೆ. ಯಾವ ಜೆಟ್ಟಿಯ ಹುಡುಗನೂ ಅದನ್ನು ಉಜ್ಜದಂತೆ ಹತ್ತಿಸಲಾರ. ನಾವು ಹುಬ್ಬಳ್ಳಿ, ಕೊಲ್ಹಾಪುರದ ಮೇಲೆ ಬಂದೆವು. ಅಪ್ಪಯ್ಯನಿಗೆ ಮತ್ಸ್ಯಗಂಧದಲ್ಲಿ ಕೆಳಗಿನ ಬರ್ತ್ ಮೊದಲೇ ತೆಗೆಸಿಟ್ಟಿದ್ದೆ. ಅವರು ನಮಗಿಂತ ಮುಂಚೆ ಮನೆ ಮುಟ್ಟಿ, ಚಹಾ ಕುಡಿದು, ಕಾಲನಿರ್ಣಯವನ್ನು ಮತ್ತೆ ಗೋಡೆಗೆ ಹಾಕಿದ್ದರು.