ಬೆಕ್ಕೂ ಇಲಿಪಾಷಾಣವೂ

ಮನುಷ್ಯನು ಧಾನ್ಯವನ್ನು ಕೂಡಿಡಲು ಕಲಿತಂದಿನಿಂದ ಇಲಿಯು ಅವನ ಕಣಜವನ್ನು ಸೇರಿತು. ಇಲಿಯ ಬೆನ್ನುಹಿಡಿದು ಬೆಕ್ಕು ಬಂದಿತು. ಸೈಪ್ರಸ್ ದ್ವೀಪದಲ್ಲಿ ಸುಮಾರು 9500 ವರುಷಗಳ ಹಿಂದಿನ ಒಂದು ಸಮಾಧಿಯ ಬಳಿಯಲ್ಲಿ, ಮನುಷ್ಯನ ಪಕ್ಕದಲ್ಲಿಯೇ ಹೂಳಲ್ಪಟ್ಟ ಬೆಕ್ಕಿನ ಎಲುಬುಗಳು ದೊರೆತಿವೆ. ಈ ಸಹವಾಸವು ಎಷ್ಟು ಪುರಾತನವಾದುದೆಂದು ಇದರಿಂದ ತಿಳಿಯಬಹುದು.

ಬೆಕ್ಕು ಇಲಿಯನ್ನು ಅಟ್ಟಿಕೊಂಡು ಓಡುವ ಪ್ರಾಣಿಯಲ್ಲ. ಬಿಲದ ಬಳಿಯಲ್ಲಿ ಸದ್ದಿಲ್ಲದೆ ಹೊಂಚುಹಾಕಿ, ಸಮಯ ನೋಡಿ ಮೇಲೆ ಬೀಳುವುದೇ ಅದರ ಕ್ರಮವು. ಹಸಿವಿಲ್ಲದಾಗಲೂ ಅದು ಬೇಟೆಯಾಡುವುದು. ಸುಂಡಿಲಿಗಳು ಅದಕ್ಕೆ ಸುಲಭವಾದ ತುತ್ತು. ದೊಡ್ಡ ಹೆಗ್ಗಣವನ್ನು ಕಂಡರೆ ಸಾಮಾನ್ಯವಾಗಿ ಹಿಂಜರಿಯುವುದು. ಆದಕಾರಣ ಅನೇಕರು ಬೆಕ್ಕನ್ನು ಸಾಕಿಕೊಂಡೇ ಪಾಷಾಣವನ್ನೂ ಇಡುತ್ತಾರೆ. ಅಪಾಯವು ಹುಟ್ಟುವುದು ಇಲ್ಲಿಯೇ.

ಈಗ ಬಳಕೆಯಲ್ಲಿರುವ ಅನೇಕ ಇಲಿಪಾಷಾಣಗಳ ಚರಿತ್ರೆಯು ದನದ ಕೊಟ್ಟಿಗೆಯಲ್ಲಿ ಆರಂಭವಾಯಿತು. 1920ರ ದಶಕದಲ್ಲಿ ಉತ್ತರ ಅಮೆರಿಕದಲ್ಲಿ, ಬೂಷ್ಟು ಹಿಡಿದ ಒಂದು ಬಗೆಯ ಒಣಹುಲ್ಲನ್ನು ಮೇಯ್ದ ದನಗಳು ರಕ್ತವು ನಿಲ್ಲದೆ ಸಾಯತೊಡಗಿದುವು. 1933ರಲ್ಲಿ ಒಬ್ಬ ರೈತನು ಹೆಪ್ಪುಗಟ್ಟದ ರಕ್ತವನ್ನು ಹಾಲಿನ ಪಾತ್ರೆಯಲ್ಲಿ ತುಂಬಿಕೊಂಡು ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಕಾರ್ಲ್ ಲಿಂಕ್ ಎಂಬ ಶಾಸ್ತ್ರಜ್ಞರ ಬಳಿಗೆ ಬಂದನು. ಅವರ ಶೋಧನೆಯ ಫಲವಾಗಿ 1948ರಲ್ಲಿ ವಾರ್ಫರಿನ್ ಎಂಬುದು ಇಲಿಪಾಷಾಣವಾಗಿ ಪೇಟೆಗೆ ಬಂದಿತು. ಮುಂದೆ ಇಲಿಗಳು ಅದನ್ನು ತಾಳಿಕೊಳ್ಳತೊಡಗಲು, ಬ್ರೋಮಡಿಯೊಲೋನ್, ಬ್ರೊಡಿಫಾಕಮ್ ಎಂಬ ಇನ್ನೂ ತೀಕ್ಷ್ಣವಾದವುಗಳು ಬಂದುವು.

ಇವು ಕೆಲಸಮಾಡುವ ರೀತಿಯನ್ನು ಚೆನ್ನಾಗಿ ಗ್ರಹಿಸಬೇಕು. ರಕ್ತವು ಹೆಪ್ಪುಗಟ್ಟಲು ಬೇಕಾದ ಕೆಲವು ವಸ್ತುಗಳನ್ನು ಪಿತ್ತಜನಕಾಂಗವು 'ಕೆ' ಜೀವಸತ್ವದ ಸಹಾಯದಿಂದ ಸಿದ್ಧಪಡಿಸುತ್ತದೆ. ಪಾಷಾಣವು ಆ ಸಹಾಯವನ್ನು ತಡೆಯುತ್ತದೆ. ಆದರೆ ಮೊದಲೇ ರಕ್ತದಲ್ಲಿರುವ ವಸ್ತುಗಳು ಮುಗಿಯುವ ವರೆಗೆ ಏನೂ ತೋರುವುದಿಲ್ಲ. ಹೀಗಾಗಿ ವಿಷ ತಿಂದ ಇಲಿಯು ಕೆಲವು ದಿವಸಗಳ ವರೆಗೆ ಬದುಕಿದ್ದು, ಮತ್ತೆ ಮತ್ತೆ ವಿಷವನ್ನು ತಿನ್ನುತ್ತದೆ. ಕಡೆಗೆ ಶಕ್ತಿಗುಂದಿ ಹಗಲಿನಲ್ಲಿಯೇ ತೂರಾಡುತ್ತದೆ. ಇಂಥ ಇಲಿಯನ್ನು ಹಿಡಿಯುವುದು ಬೆಕ್ಕಿಗೆ ಬಹು ಸುಲಭವು! ಒಂದು ಇಲಿಯಿಂದಲೇ ಬೆಕ್ಕು ಸಾಯಬೇಕೆಂದಿಲ್ಲ. ಆದರೆ ಹೊಸ ಪಾಷಾಣಗಳು ಪಿತ್ತಜನಕಾಂಗದಲ್ಲಿ ತಿಂಗಳುಗಟ್ಟಲೆ ಉಳಿಯುವುದರಿಂದ, ತಿಂದ ಇಲಿಗಳ ವಿಷವು ಸ್ವಲ್ಪ ಸ್ವಲ್ಪವಾಗಿ ಕೂಡಿಕೊಳ್ಳುತ್ತದೆ. ಗೂಬೆಗೂ ಇದೇ ಗತಿಯು.

ಜಿಂಕ್ ಫಾಸ್ಫೈಡ್ ಎಂಬ ಕಪ್ಪು ಪುಡಿಯ ಸ್ವಭಾವವು ಬೇರೆ. ಅದು ಹೊಟ್ಟೆಯ ಆಮ್ಲದೊಡನೆ ಸೇರಿ ಫಾಸ್ಫೀನ್ ಎಂಬ ವಿಷವಾಯುವನ್ನು ಹುಟ್ಟಿಸಿ ಬೇಗನೆ ಕೊಲ್ಲುತ್ತದೆ. ಅದನ್ನು ತಿಂದ ಪ್ರಾಣಿಯ ವಾಂತಿಯಿಂದಲೂ ಆ ವಾಯುವು ಹೊರಡುವುದರಿಂದ, ಹತ್ತಿರ ಹೋಗುವವರು ಕಿಟಕಿ ಬಾಗಿಲುಗಳನ್ನು ತೆರೆದಿಡಬೇಕು.

ಬೆಕ್ಕು ಮಂಕಾಗಿ ಮೂಲೆ ಸೇರುವುದು, ಒಸಡು ಬಿಳಿಚಿಕೊಳ್ಳುವುದು, ಉಸಿರಾಟ ಕಷ್ಟವಾಗುವುದು, ಮೂಗಿನಿಂದಾಗಲಿ ಮಲದಲ್ಲಾಗಲಿ ರಕ್ತ ಕಾಣುವುದು, ಇವು ರಕ್ತ ಕೆಡಿಸುವ ಪಾಷಾಣದ ಲಕ್ಷಣಗಳು. ಉಪ್ಪುನೀರು ಕುಡಿಸಿ ವಾಂತಿಮಾಡಿಸಬಾರದು. ಅದೇ ಇನ್ನೊಂದು ಕೇಡಾದೀತು. ಪಾಷಾಣದ ಪೊಟ್ಟಣವನ್ನು ಕೈಯಲ್ಲಿ ಹಿಡಿದುಕೊಂಡು, ತಡಮಾಡದೆ ಪಶುವೈದ್ಯರ ಬಳಿಗೆ ಹೋಗಬೇಕು. ಯಾಕೆಂದರೆ ವಿಷದ ಹೆಸರು ತಿಳಿದರೆ ಚಿಕಿತ್ಸೆಯು ತಿಳಿಯುವುದು. ವಾರ್ಫರಿನ್ ಜಾತಿಯ ವಿಷಕ್ಕೆ 'ಕೆ1' ಜೀವಸತ್ವವೇ ಪ್ರತ್ಯೌಷಧವು. ಅದನ್ನು ಕೆಲವು ವಾರಗಳ ವರೆಗೂ ಕೊಡಬೇಕಾದೀತು. ಫಾಸ್ಫೈಡಿಗೆ ಅಂಥ ಮದ್ದಿಲ್ಲ.

ಚಿಕಿತ್ಸೆಗಿಂತ ಎಚ್ಚರಿಕೆಯು ಮೇಲು. ಧಾನ್ಯವನ್ನು ಬಿಗಿಯಾದ ಮುಚ್ಚಳದ ಡಬ್ಬಿಗಳಲ್ಲಿಡುವುದು, ರಾತ್ರಿ ಎಂಜಲು ಪಾತ್ರೆಗಳನ್ನು ಬಿಡದಿರುವುದು, ಗೋಡೆಯ ಬಿರುಕುಗಳನ್ನು ಗಾರೆಯಿಂದ ಮುಚ್ಚುವುದು, ಇಲಿಬೋನನ್ನು ಇಡುವುದು, ಇವೇ ಮೊದಲನೆಯ ಉಪಾಯಗಳು. ಪಾಷಾಣವನ್ನು ಇಡಲೇಬೇಕಾದರೆ ಮಕ್ಕಳಿಗೂ ಸಾಕುಪ್ರಾಣಿಗಳಿಗೂ ನಿಲುಕದಂತೆ ಇಟ್ಟು, ಸತ್ತ ಇಲಿಗಳನ್ನು ಪ್ರತಿದಿನವೂ ಹುಡುಕಿ ಆಳವಾಗಿ ಹೂಳಬೇಕು. ನೆರೆಮನೆಯವರಿಗೂ ತಿಳಿಸಬೇಕು, ಯಾಕೆಂದರೆ ಬೆಕ್ಕು ಬೇಲಿಯನ್ನು ಅರಿಯದು.

ವಿದ್ಯಾರ್ಥಿನಿಯರೇ, ನಾಳೆ ಮನೆಯ ಆಡಳಿತವು ನಿಮ್ಮ ಕೈಗೆ ಬಂದಾಗ ಈ ಮಾತನ್ನು ನೆನೆಯಿರಿ: ನಾವು ಇಲಿಗೆಂದು ಇಟ್ಟ ವಿಷವು ಇಲಿಯಲ್ಲಿಯೇ ನಿಲ್ಲುವುದಿಲ್ಲ.