ಮೊದಲ ಪಿಸ್ತೂಲ್: ಜೇಬಿಗೆ ಭಾರವಾಗದ ಆಯ್ಕೆಗೆ ಒಂಬತ್ತು ಸೂತ್ರ

ದಾವಣಗೆರೆ ಮಂಡಿಪೇಟೆಯ ಚಿನ್ನದಂಗಡಿಯವರು, ಎಪಿಎಂಸಿ ದಲಾಲರು, ಚನ್ನಗಿರಿಯ ಅಡಿಕೆ ವ್ಯಾಪಾರಿಗಳು, ಹರಿಹರದ ಪೆಟ್ರೋಲ್ ಬಂಕ್ ಮಾಲೀಕರು. ನಗದು ಹಿಡಿದು ಹೊತ್ತಲ್ಲದ ಹೊತ್ತಿನಲ್ಲಿ ಓಡಾಡುವವರಿಗೆ ಒಮ್ಮೆಯಾದರೂ ಬರುವ ಯೋಚನೆ: ಒಂದು ಪಿಸ್ತೂಲ್ ಇಟ್ಟುಕೊಂಡರೆ ಹೇಗೆ? ಬಂದದ್ದೇ ತಡ, ಯೂಟ್ಯೂಬ್‌ನಲ್ಲಿ ಅಮೆರಿಕದವರ ವಿಡಿಯೊ ನೋಡಿ ಗ್ಲಾಕ್, ಸಿಗ್ ಅಂತ ಪಟ್ಟಿ ಮಾಡಲು ಕೂರುತ್ತಾರೆ. ಆ ಪಟ್ಟಿ ಹರಿದು ಹಾಕಿ. ನಮ್ಮಲ್ಲಿ ಆಯ್ಕೆ ಶುರುವಾಗುವುದು ಡಿಸಿ ಕಚೇರಿಯಲ್ಲಿ.

1. ಮೊದಲು ಪರವಾನಗಿ, ಆಮೇಲೆ ಅಂಗಡಿ

ಪೊಲೀಸ್ ಕಮಿಷನರೇಟ್ ಇರುವ ಊರುಗಳಲ್ಲಿ ಅರ್ಜಿ ಕಮಿಷನರ್‌ಗೆ ಹೋಗುತ್ತದೆ. ದಾವಣಗೆರೆಯಲ್ಲಿ ಆ ವ್ಯವಸ್ಥೆ ಇಲ್ಲ. ಇಲ್ಲಿ ಜಿಲ್ಲಾ ದಂಡಾಧಿಕಾರಿಯಾದ ಜಿಲ್ಲಾಧಿಕಾರಿಯೇ ಪರವಾನಗಿ ಕೊಡುವವರು. ವಯಸ್ಸು 21 ತುಂಬಿರಬೇಕು. ನಿಮ್ಮ ಠಾಣೆಯಿಂದ ವರದಿ ಬರಬೇಕು. 1959ರ ಶಸ್ತ್ರಾಸ್ತ್ರ ಕಾಯ್ದೆ ಮತ್ತು 2016ರ ನಿಯಮಗಳ ಪ್ರಕಾರ, ನಿಮ್ಮ ವೃತ್ತಿ ಅಥವಾ ವ್ಯವಹಾರದ ಕಾರಣಕ್ಕೆ ಜೀವ, ಆಸ್ತಿ ಕಾಯಲು ಆಯುಧ ನಿಜಕ್ಕೂ ಬೇಕು ಎಂದು ನೀವೇ ತೋರಿಸಿಕೊಡಬೇಕು. "ಎಲ್ಲರೂ ಇಟ್ಟುಕೊಂಡಿದ್ದಾರೆ" ಎಂಬ ಕಾರಣ ನಡೆಯುವುದಿಲ್ಲ. ವಹಿವಾಟಿನ ದಾಖಲೆ, ತೆರಿಗೆ ಕಾಗದ, ಹಿಂದೆ ಬೆದರಿಕೆ ಬಂದಿದ್ದರೆ ಕೊಟ್ಟ ದೂರಿನ ಪ್ರತಿ ಒಂದೇ ಕಡತದಲ್ಲಿರಲಿ. ಜಗಳೂರು, ಹೊನ್ನಾಳಿ ಕಡೆ ಹೊಲದ ಮನೆಗಳಲ್ಲಿ ಕಾಣುವುದು ಬೆಳೆ ರಕ್ಷಣೆಯ ಬಂದೂಕು. ಕಾಡುಹಂದಿ ಕಾಟ ಹೇಳಿಕೊಂಡು ಪಿಸ್ತೂಲ್ ಕೇಳಲು ಹೋಗಬೇಡಿ.

2. ತರಬೇತಿಯನ್ನು ಅರ್ಜಿಯ ಜೊತೆಗೇ ಮುಗಿಸಿ

ಆಯುಧವನ್ನು ಸುರಕ್ಷಿತವಾಗಿ ಬಳಸಲು ಕಲಿತಿದ್ದೀರಿ ಎಂಬ ಪ್ರಮಾಣಪತ್ರವನ್ನೂ ನಿಯಮ ಕೇಳುತ್ತದೆ. ನಮ್ಮ ರಾಜ್ಯದಲ್ಲಿ ಜಿಲ್ಲಾ ಪೊಲೀಸರು ಆಗಾಗ ನಾಗರಿಕ ಬಂದೂಕು ತರಬೇತಿ ಶಿಬಿರ ನಡೆಸುತ್ತಾರೆ. ಮುಂದಿನ ಶಿಬಿರ ಯಾವಾಗ ಎಂದು ಎಸ್‌ಪಿ ಕಚೇರಿಯಲ್ಲಿ ವಿಚಾರಿಸಿ. ಸದ್ದು, ಒದೆತ, ಗುರಿ ತಪ್ಪುವ ಮುಜುಗರ, ಎಲ್ಲವೂ ಅಲ್ಲೇ ಗೊತ್ತಾಗುತ್ತದೆ. ಶಿಬಿರ ಮುಗಿಸಿ "ನಮಗಿದು ಬೇಡಪ್ಪ" ಅಂತ ಮನಸ್ಸು ಬದಲಿಸಿದರೆ ಲಕ್ಷ ರೂಪಾಯಿ ಉಳಿದ ಹಾಗೆ.

3. ಬೋರ್ ಚರ್ಚೆ ಬೇಡ, .32 ಸಾಕು

9 ಎಂಎಂ ಪಿಸ್ತೂಲ್ ಪೊಲೀಸರಿಗೆ, ಸೇನೆಗೆ. ಕಚೇರಿ ಭಾಷೆಯಲ್ಲಿ ಅದು ಪಿಬಿ, ಅಂದರೆ ನಿಷೇಧಿತ ಬೋರ್. ಸಾಮಾನ್ಯ ನಾಗರಿಕರಿಗೆ ಸಿಗುವ ಎನ್‌ಪಿಬಿ, ಅಂದರೆ ನಿಷೇಧಿತವಲ್ಲದ ಬೋರಿನ ಪಿಸ್ತೂಲುಗಳಲ್ಲಿ ಚಾಲ್ತಿಯಲ್ಲಿರುವುದು .32. .25ರಂಥ ಸಣ್ಣ ಬೋರೂ ಇದೆ, ಆದರೆ ಗುಂಡು ಹುಡುಕುವಷ್ಟರಲ್ಲಿ ಸಾಕಾಗಿಹೋಗುತ್ತದೆ. .32 ದುರ್ಬಲ ಎಂದು ಮೂಗು ಮುರಿಯುವವರು ಹೆಚ್ಚಾಗಿ ಅದನ್ನು ಹಾರಿಸದವರು. ಒದೆತ ಕಡಿಮೆ, ಹೊಸಬರ ಗುರಿ ಬೇಗ ಕೂರುತ್ತದೆ.

ಇಲ್ಲೊಂದು ಗುಂಡಿ ಇದೆ, ನೋಡಿ ಹೆಜ್ಜೆ ಇಡಿ. ಪಿಸ್ತೂಲಿನ ಗುಂಡು .32 ಎಸಿಪಿ; ಜಾನ್ ಬ್ರೌನಿಂಗ್ 1899ರಲ್ಲಿ ರೂಪಿಸಿದ್ದು. ರಿವಾಲ್ವರಿನದು .32 ಸ್ಮಿತ್ ಆ್ಯಂಡ್ ವೆಸನ್ ಲಾಂಗ್, ಅದು ಇನ್ನೂ ಉದ್ದ. ಮಾತಿನಲ್ಲಿ ಎರಡಕ್ಕೂ "ತರ್ಟಿ-ಟೂ" ಎಂದೇ ಹೆಸರು. ಒಂದರದ್ದನ್ನು ಇನ್ನೊಂದಕ್ಕೆ ಹಾಕುವಂತಿಲ್ಲ. ಕೊಳ್ಳುವಾಗ ಪೆಟ್ಟಿಗೆಯ ಮೇಲಿನ ಪೂರ್ತಿ ಹೆಸರು ಓದಿ.

4. ಬೆಲೆ ಕೇಳುವಾಗ ತೆರಿಗೆ ಸೇರಿಸಿ ಕೇಳಿ

ಸರ್ಕಾರಿ ಆರ್ಡ್‌ನನ್ಸ್ ಕಾರ್ಖಾನೆಗಳ .32 ಪಿಸ್ತೂಲುಗಳಲ್ಲಿ 'ಅಶನಿ' ಹೆಸರುವಾಸಿ. 2021ರ ಅಕ್ಟೋಬರ್ 1ರಿಂದ ಆ ಕಾರ್ಖಾನೆಗಳು ಏಳು ಕಂಪನಿಗಳಾಗಿವೆ. ಸಣ್ಣ ಆಯುಧಗಳು ಕಾನ್ಪುರದ ಅಡ್ವಾನ್ಸ್‌ಡ್ ವೆಪನ್ಸ್ ಆ್ಯಂಡ್ ಇಕ್ವಿಪ್‌ಮೆಂಟ್ ಕಂಪನಿಯ ಪಾಲಿಗೆ ಬಂದಿವೆ. ಪಿಸ್ತೂಲ್, ರಿವಾಲ್ವರಿಗೆ ಜಿಎಸ್‌ಟಿ ಶೇ 28 ಇದ್ದದ್ದು 2025ರ ಸೆಪ್ಟೆಂಬರ್ 22ರಿಂದ ಶೇ 40. ಹಳೆಯ ದರಪಟ್ಟಿ ನಂಬಿಕೊಂಡು ಅಂಗಡಿಗೆ ಹೋದರೆ ಬಾಯಿ ಒಣಗುತ್ತದೆ.

ವಿದೇಶಿ ಮಾಲಿನ ಮೋಹ ಬಿಡಿ. ಎಂಬತ್ತರ ದಶಕದಲ್ಲಿ ಆಮದು ನಿಂತ ಮೇಲೆ ಹಳೆಯ ವಾಲ್ಥರ್, ಬ್ರೌನಿಂಗ್‌ಗಳು ಕೈಯಿಂದ ಕೈಗೆ ಸುತ್ತುತ್ತಿವೆ. ತಾತನ ಕಾಲದ ಸ್ಪ್ರಿಂಗಿಗೆ ಲಕ್ಷಗಟ್ಟಲೆ ಸುರಿಯುವುದು ಸಂಗ್ರಹಕಾರರ ಚಟ. ನನ್ನ ಮಟ್ಟಿಗೆ, ಮೊದಲ ಪಿಸ್ತೂಲ್ ದೇಶಿ ಮತ್ತು ಹೊಸದಾಗಿರಲಿ. ಉಳಿದ ದುಡ್ಡು ಅಭ್ಯಾಸದ ಗುಂಡಿಗೆ ಮತ್ತು ಗೋಡೆಗೆ ಬಿಗಿಯುವ ಲಾಕರಿಗೆ.

5. ಸೆಕೆಂಡ್ ಹ್ಯಾಂಡ್ ಆದರೆ ನಲವತ್ತೈದು ದಿನ ತಾಳಿ

ಪರವಾನಗಿ ಉಳ್ಳವರು ತಮ್ಮ ಆಯುಧವನ್ನು ಇನ್ನೊಬ್ಬ ಪರವಾನಗಿದಾರರಿಗೆ ಮಾರಬಹುದು. ಆದರೆ ಮಾರುವವರು ಜಿಲ್ಲಾ ದಂಡಾಧಿಕಾರಿಗೆ ಅಥವಾ ಹತ್ತಿರದ ಠಾಣೆಗೆ ಲಿಖಿತವಾಗಿ ತಿಳಿಸಿ 45 ದಿನ ಕಳೆದಿರಬೇಕು. "ಈಗ ತಗೊಂಡು ಹೋಗಿ, ಕಾಗದ ಆಮೇಲೆ" ಎಂದವರಿಗೆ ದೂರದಿಂದಲೇ ಕೈಮುಗಿಯಿರಿ. ಅಪ್ಪನ ಹೆಸರಲ್ಲಿ ಪಿಸ್ತೂಲ್ ಇದೆಯೇ? ಅವರಿಗೆ 70 ತುಂಬಿದ್ದರೆ, ಅಥವಾ ಆಯುಧ ಅವರ ಬಳಿ 25 ವರ್ಷದಿಂದ ಇದ್ದರೆ, ಅದನ್ನು ವಾರಸುದಾರರ ಹೆಸರಿಗೆ ಮಾಡಲು ನಿಯಮದಲ್ಲಿ ಅವಕಾಶವಿದೆ. ಇದಕ್ಕಿಂತ ಅಗ್ಗದ ದಾರಿ ಇಲ್ಲ.

6. ಕೈಗೆ ತೆಗೆದುಕೊಂಡು ನೋಡಿ, ಕ್ರಮ ತಪ್ಪಬೇಡಿ

ಅಂಗಡಿಯವರು "ಖಾಲಿ ಇದೆ ಸಾರ್" ಎಂದರೂ ಮೂತಿ ಯಾರ ಕಡೆಗೂ ತಿರುಗದಿರಲಿ, ಬೆರಳು ಟ್ರಿಗರ್‌ನಿಂದ ಹೊರಗಿರಲಿ. ಮೊದಲು ಮ್ಯಾಗಝಿನ್ ತೆಗೆಯಿರಿ. ಆಮೇಲೆ ಸ್ಲೈಡ್ ಹಿಂದಕ್ಕೆಳೆದು ಚೇಂಬರ್ ಒಳಗೆ ಕಣ್ಣಾಡಿಸಿ, ಕಿರುಬೆರಳಿನಿಂದ ಮುಟ್ಟಿಯೂ ನೋಡಿ. ಈ ಕ್ರಮ ಉಲ್ಟಾ ಆದರೆ ಮ್ಯಾಗಝಿನ್‌ನ ಗುಂಡೊಂದು ಮತ್ತೆ ಚೇಂಬರಿಗೆ ಏರುತ್ತದೆ. ಆಮೇಲೆ ಮ್ಯಾಗಝಿನ್ ತೆಗೆದು "ಖಾಲಿ" ಅಂದುಕೊಳ್ಳುತ್ತೀರಿ. ಸೆಮಿ ಆಟೊಮ್ಯಾಟಿಕ್ ಪಿಸ್ತೂಲಿನ ದುರಂತಗಳು ಹುಟ್ಟುವುದೇ ಹೀಗೆ.

ಖಾಲಿ ಎಂದು ಖಚಿತವಾದ ಮೇಲೆ ಸ್ಲೈಡನ್ನು ಹತ್ತು ಸಲ ಎಳೆಯಿರಿ. ಮೂರನೆಯ ಸಲಕ್ಕೇ ಬೆರಳು ಸೋತರೆ ಆ ಪಿಸ್ತೂಲ್ ನಿಮ್ಮದಲ್ಲ. ಸೇಫ್ಟಿ ಹೆಬ್ಬೆರಳಿಗೆ ಸಲೀಸಾಗಿ ಸಿಗಬೇಕು, ಟಕ್ಕನೆ ಕೂರಬೇಕು. ಮ್ಯಾಗಝಿನ್ ತಾನಾಗಿ ಜಾರಿ ಬೀಳಬಾರದು. ಇನ್ನೊಂದು ಮ್ಯಾಗಝಿನ್ ಸಿಗುತ್ತದೆಯೇ ಎಂದು ಅಲ್ಲೇ ಕೇಳಿ. ಗುಂಡು ಸಿಕ್ಕಿಕೊಳ್ಳುವ ತೊಂದರೆ ಬಂದಾಗ ಮೊದಲು ಅನುಮಾನಿಸಬೇಕಾದದ್ದು ಅದನ್ನೇ.

7. ಹರಿಹರದ ಲೇತಿನ ಹತ್ತಿರ ಒಯ್ಯಬೇಡಿ

ಮೈಸೂರು ಕಿರ್ಲೋಸ್ಕರ್ 1941ರಲ್ಲಿ ಹರಿಹರಕ್ಕೆ ಬಂದು ತಲೆಮಾರುಗಟ್ಟಲೆ ಟರ್ನರ್, ಫಿಟ್ಟರ್‌ಗಳನ್ನು ತಯಾರು ಮಾಡಿತು. ಕಾರ್ಖಾನೆ ಮುಚ್ಚಿದರೂ ಕೈಯ ಕಸುಬು ಉಳಿದಿದೆ. ಸ್ಲೈಡ್ ಅಲ್ಲಾಡಿಸಿ ಫಿಟ್ಟಿಂಗ್ ಹೇಗಿದೆ ಎಂದು ಹೇಳಬಲ್ಲ ಹಿರಿಯರು ಇಲ್ಲಿ ಗಲ್ಲಿಗೊಬ್ಬರು. ಅಭಿಪ್ರಾಯ ಬೇಕಾದರೆ ಮಾತಿನಲ್ಲೇ ಕೇಳಿ. ಸ್ಪ್ರಿಂಗ್ ಕತ್ತರಿಸುವುದು, ಟ್ರಿಗರ್ ಹಗುರ ಮಾಡಿಸುವುದು, ಪಿನ್ ಹಾಕಿಸುವುದು ಮಾತ್ರ ಬೇಡವೇ ಬೇಡ. ಆಯುಧ ರಿಪೇರಿಗೂ ಪ್ರತ್ಯೇಕ ಪರವಾನಗಿ ಬೇಕು. ಇಲ್ಲದಿದ್ದರೆ ಪ್ರಕರಣ ಅವರ ಮೇಲೂ ಬೀಳುತ್ತದೆ, ನಿಮ್ಮ ಮೇಲೂ. ಕೆಟ್ಟರೆ ಪರವಾನಗಿ ಇರುವ ಡೀಲರಿಗೇ ಕೊಡಿ. ಚರ್ಮದ ಪೌಚಿನೊಳಗೆ ತಿಂಗಳುಗಟ್ಟಲೆ ಇಟ್ಟರೆ ತೇವಕ್ಕೆ ತುಕ್ಕು ಹಿಡಿಯುತ್ತದೆ, ಅದನ್ನು ಯಾವ ಡೀಲರೂ ಸರಿಮಾಡಲಾರರು.

8. ಗುರಿಯ ಹುಚ್ಚೇ ಆದರೆ ಏರ್ ಪಿಸ್ತೂಲ್

ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಮನು ಭಾಕರ್ ಪದಕ ಗೆದ್ದ ಮೇಲೆ ಪಿಸ್ತೂಲ್ ಆಸೆ ಹತ್ತಿದ ಹುಡುಗ ಹುಡುಗಿಯರಿದ್ದಾರೆ. ಅವರಿಗೆ .32 ಬೇಕಿಲ್ಲ. .177 ಬೋರಿನ, 20 ಜೌಲ್ ಮೀರದ ಏರ್ ಪಿಸ್ತೂಲಿಗೆ ಪರವಾನಗಿಯ ತಂಟೆಯೇ ಇಲ್ಲ. ಹತ್ತು ಮೀಟರ್ ದೂರದ ಗುರಿಹಲಗೆಯಲ್ಲಿ ಹತ್ತಂಕದ ವೃತ್ತ 11.5 ಮಿಲಿಮೀಟರ್ ಅಷ್ಟೆ. ಅದನ್ನು ಒಂದೇ ಕೈಯಲ್ಲಿ ಹೊಡೆಯಲು ಕಲಿತವರಿಗೆ ಯಾವ ಪಿಸ್ತೂಲೂ ಕಷ್ಟವಲ್ಲ. ನಮ್ಮ ಕನ್ನಡಿಗ ಪ್ರಕಾಶ್ ನಂಜಪ್ಪ 2014ರ ಗ್ಲಾಸ್ಗೊ ಕಾಮನ್‌ವೆಲ್ತ್ ಕೂಟದಲ್ಲಿ ಬೆಳ್ಳಿ ಗೆದ್ದದ್ದು ಈ ಸ್ಪರ್ಧೆಯಲ್ಲೇ.

9. ಕೊಂಡ ಮೇಲೆ ತೋರಿಸಬೇಡಿ

ಮದುವೆ ಮೆರವಣಿಗೆಯಲ್ಲಿ ಗಾಳಿಗೆ ಹಾರಿಸಿ ಜನರ ಜೀವಕ್ಕೆ ಅಪಾಯ ತಂದರೆ, 2019ರ ತಿದ್ದುಪಡಿಯಂತೆ ಎರಡು ವರ್ಷದವರೆಗೆ ಜೈಲು, ಒಂದು ಲಕ್ಷದವರೆಗೆ ದಂಡ, ಅಥವಾ ಎರಡೂ. ಸೊಂಟದ ಪಿಸ್ತೂಲ್ ತೋರಿಸಿ ಸ್ಟೇಟಸ್ ಹಾಕುವವರು ಪೊಲೀಸರ ಕೆಲಸ ಹಗುರ ಮಾಡುತ್ತಾರೆ. ಪರವಾನಗಿ ಯಾವ ಪ್ರದೇಶಕ್ಕೆ ಅನ್ವಯ ಎಂದು ಓದಿಕೊಳ್ಳಿ. ಹರಿಹರದ ತುಂಗಭದ್ರಾ ಸೇತುವೆ ದಾಟಿದರೆ ಹಾವೇರಿ ಜಿಲ್ಲೆ. ಅವಧಿ ಈಗ ಐದು ವರ್ಷ, ನವೀಕರಣದ ದಿನಾಂಕವನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿ. ಚುನಾವಣೆ ಬಂದಾಗ ಆಯುಧ ಠೇವಣಿ ಇಡಲು ಠಾಣೆಯಿಂದ ಕರೆ ಬರುತ್ತದೆ. ಹೋಗಿ ಕೊಡಿ, ಪಿಸ್ತೂಲಿನ ನಂಬರ್, ಗುಂಡಿನ ಲೆಕ್ಕ ಬರೆದ ರಸೀದಿ ಇಲ್ಲದೆ ಠಾಣೆಯಿಂದ ಹೊರಡಬೇಡಿ.